ಮೊಣಕಾಲಿನ ಆಪರೇಶನ್: ಲೆಕ್ಕ ಮೊದಲು ಮನೆಯಲ್ಲಿ ಆಗಲಿ

ಸಂಕೇಶ್ವರದವರಿಗೆ ದೊಡ್ಡ ಆಸ್ಪತ್ರೆಗೆ ಹೋಗಲು ಎರಡು ದಾರಿಗಳಿವೆ. ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಸುಮಾರು 50 ಕಿ.ಮೀ. ದೂರದಲ್ಲಿ ಬೆಳಗಾವಿ, ಉತ್ತರಕ್ಕೆ ಹೊರಟರೆ ಗಡಿಯಾಚೆ ಕೊಲ್ಹಾಪುರ. ಮಿರಜದ ದಾರಿ ಹಿಡಿಯುವವರೂ ಇದ್ದಾರೆ. ಮೊಣಕಾಲು ಬದಲಿಸಿಕೊಂಡು ಬಂದವರನ್ನು ಊರಿನವರು ಕೇಳುವ ಮೊದಲ ಪ್ರಶ್ನೆ ‘ಯಾವ ದವಾಖಾನಿ?’ ಎರಡನೆಯದು ‘ಎಷ್ಟಾತು?’ ಎರಡನೆಯ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಮೊತ್ತ ಹೇಳುತ್ತಾರೆ. ಕೇಳಿದವರು ದಂಗಾಗಿ ಮನೆಗೆ ಬರುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಈ ಮಾತು ನಿಲ್ಲುವುದು ಹೆಚ್ಚಾಗಿ ಮಕ್ಕಳ ಓದಿನ ಎದುರಿಗೆ. ಮನೆಯಲ್ಲಿ ಒಬ್ಬ ಹುಡುಗ ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೆ ಹೊರಟಿರುತ್ತಾನೆ, ಅಥವಾ ಒಬ್ಬ ಹುಡುಗಿ ನರ್ಸಿಂಗ್ ಸೇರಬೇಕೆಂದಿರುತ್ತಾಳೆ. ಅದೇ ಹೊತ್ತಿಗೆ ಅಜ್ಜಿಗೆ ಹಿತ್ತಲಿನ ತನಕ ನಡೆಯಲು ಆಗುತ್ತಿರುವುದಿಲ್ಲ. ‘ನನ್ನ ಕಾಲಿಗೇನು ಅವಸರ ಐತಿ, ಮೊದಲ ಹುಡುಗನ ಫೀ ತುಂಬ್ರಿ’ ಎಂದು ಅಜ್ಜಿಯೇ ಹೇಳಿಬಿಡುತ್ತಾಳೆ. ಕಬ್ಬು, ಮೆಣಸಿನಕಾಯಿ ಹೊಲಗಳಲ್ಲಿ ನಲವತ್ತು ವರ್ಷ ಕುಕ್ಕುರುಗಾಲಿನಲ್ಲಿ ಕೂತು ದುಡಿದ ಕಾಲುಗಳು ಮೂಲೆ ಸೇರುತ್ತವೆ. ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ: ಯಾರದೋ ಮಾತು ಕೇಳಿ ಅವಸರದಲ್ಲಿ ಸಾಲ ಮಾಡಿ ಆಪರೇಶನ್ ಮಾಡಿಸುತ್ತಾರೆ, ಆ ವರ್ಷ ಹುಡುಗಿಯ ಕಾಲೇಜು ನಿಲ್ಲುತ್ತದೆ.

ಈ ಎರಡೂ ನಷ್ಟಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು. ಏಕೆಂದರೆ ಸವೆದ ಮೊಣಕಾಲು ಹೃದಯಾಘಾತದಂತೆ ನಡುರಾತ್ರಿ ಬಂದು ಬಾಗಿಲು ಬಡಿಯುವ ಕಾಯಿಲೆಯಲ್ಲ. ಅದಕ್ಕೆ ಕೆಲವು ತಿಂಗಳು ಕಾಯಬಹುದು. ಹೀಗೆ ಸಿಗುವ ಸಮಯವೇ ಈ ಚಿಕಿತ್ಸೆಯಲ್ಲಿ ಬಡವರ, ಮಧ್ಯಮ ವರ್ಗದವರ ದೊಡ್ಡ ಬಂಡವಾಳ. ಆ ಸಮಯದಲ್ಲಿ ಕಾಗದ, ಪೆನ್ನು ಹಿಡಿದು ಕೂರುವ ಕೆಲಸವನ್ನು ಮನೆಯಲ್ಲಿ ಓದುತ್ತಿರುವ ಮಗ ಅಥವಾ ಮಗಳು ಚೆನ್ನಾಗಿ ಮಾಡಬಲ್ಲರು.

ಆಪರೇಶನ್ ಬೇಕೇ ಎಂಬುದು ಮೊದಲ ಲೆಕ್ಕ

ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆ ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದು ಸವೆದಂತೆ ಮೂಳೆಗೆ ಮೂಳೆ ತಾಗಿ ನೋವು, ಬಾವು, ಬಿಗಿತ ಕಾಣಿಸಿಕೊಳ್ಳುತ್ತವೆ. ಆದರೆ ಎಕ್ಸ್‌ರೇಯಲ್ಲಿ ಸವೆತ ಕಂಡ ಮಾತ್ರಕ್ಕೆ ಆಪರೇಶನ್ ಬೇಕೆಂದಿಲ್ಲ. ರಾತ್ರಿ ನಿದ್ದೆ ಕೆಡಿಸುವ ನೋವು, ಮನೆಯೊಳಗೇ ನಡೆಯಲಾಗದ ಸ್ಥಿತಿ, ಔಷಧ ಮತ್ತು ವ್ಯಾಯಾಮಕ್ಕೂ ಬಗ್ಗದ ತೊಂದರೆ ಇವೆಲ್ಲ ಕೂಡಿದಾಗ ಮಾತ್ರ ಕೀಲು ಬದಲಾವಣೆಯ ಪ್ರಶ್ನೆ ಏಳುತ್ತದೆ.

ಅದಕ್ಕೂ ಮುಂಚೆ ಮಾಡಬೇಕಾದ ಅಗ್ಗದ ಚಿಕಿತ್ಸೆ ಎರಡಿದೆ. ಒಂದು, ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಫಿಸಿಯೋಥೆರಪಿಸ್ಟ್ ಒಮ್ಮೆ ಕಲಿಸಿಕೊಟ್ಟರೆ ಮನೆಯಲ್ಲೇ ದಿನವೂ ಮಾಡಬಹುದು. ಎರಡು, ತೂಕ ಇಳಿಸುವುದು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಕಂಡುಕೊಂಡಿತು. ಐದು ಕಿಲೋ ಇಳಿಸಿದರೆ ಹೆಜ್ಜೆಗೆ ಇಪ್ಪತ್ತು ಕಿಲೋ ಭಾರ ಕಡಿಮೆಯಾಯಿತು.

‘ಸಣ್ಣ ರಂಧ್ರ ಮಾಡಿ ಕೀಲು ತೊಳೆದುಬಿಡುತ್ತಾರೆ, ಖರ್ಚು ಕಡಿಮೆ’ ಎಂಬ ಸಲಹೆಯೂ ಕೆಲವೊಮ್ಮೆ ಬರುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ವೈದ್ಯರು 180 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಕೀಲು ತೊಳೆದರು, ಕೆಲವರಿಗೆ ಒಳಗೆ ಕೆರೆದು ಸ್ವಚ್ಛ ಮಾಡಿದರು, ಇನ್ನುಳಿದವರಿಗೆ ಚರ್ಮದ ಮೇಲೆ ಗೀರು ಮಾತ್ರ ಹಾಕಿ ಹೊಲಿದರು. ಎರಡು ವರ್ಷಗಳ ತನಕ ನೋಡಿದರೂ ಮೂರು ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸವೆತದ ನೋವಿಗೆ ಉಪಯೋಗವಿಲ್ಲದ ಚಿಕಿತ್ಸೆ ಎಷ್ಟು ಅಗ್ಗವಾದರೂ ದುಬಾರಿಯೇ.

ಕಬಡ್ಡಿ, ಖೋಖೋ ಆಡುವ ವಿದ್ಯಾರ್ಥಿಗಳ ಮೊಣಕಾಲಿನ ಕಥೆ ಬೇರೆ. ಅವರಲ್ಲಿ ಸಾಮಾನ್ಯವಾಗಿ ಹರಿಯುವುದು ಕೀಲನ್ನು ಹಿಡಿದಿಡುವ ಅಸ್ಥಿರಜ್ಜು. ಅಲ್ಲಿಯೂ ಅವಸರ ಬೇಡ. ಸ್ವೀಡನ್ನಿನಲ್ಲಿ ಹೀಗೆ ಗಾಯಗೊಂಡ ಯುವಜನರಲ್ಲಿ ಒಂದು ಗುಂಪಿಗೆ ಮೊದಲು ವ್ಯಾಯಾಮ ಚಿಕಿತ್ಸೆ ಕೊಟ್ಟು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ ಎಂದು 2010ರಲ್ಲಿ ವರದಿಯಾಯಿತು. ಆದರೆ ಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ, ಮೂಳೆ ಮುರಿದಿದ್ದರೆ, ಜ್ವರದೊಂದಿಗೆ ಕೀಲು ಕೆಂಪಾಗಿ ಊದಿಕೊಂಡರೆ ಒಂದು ದಿನವೂ ತಡಮಾಡಬಾರದು.

ಕೃತಕ ಕೀಲಿನ ಬೆಲೆ

ಕೀಲು ಬದಲಾವಣೆಯೇ ಸರಿ ಎಂದು ಇಬ್ಬರು ವೈದ್ಯರು ಹೇಳಿದರೆ ಮುಂದಿನ ಲೆಕ್ಕ ಬಿಲ್ಲಿನದು. ಬಿಲ್ಲು ಎಂದರೆ ಒಂದು ಮೊತ್ತವಲ್ಲ. ಕೃತಕ ಕೀಲು, ಶಸ್ತ್ರವೈದ್ಯರ ಶುಲ್ಕ, ಅರಿವಳಿಕೆ ತಜ್ಞರ ಶುಲ್ಕ, ಆಪರೇಶನ್ ಥಿಯೇಟರ್, ಕೋಣೆ ಬಾಡಿಗೆ, ಔಷಧ, ತಪಾಸಣೆಗಳು, ಫಿಸಿಯೋಥೆರಪಿ ಇವುಗಳ ಮೊತ್ತ ಅದು. ಒಂದೊಂದಕ್ಕೂ ಬೇರೆ ಬೇರೆ ನಿಯಮವಿದೆ.

ಇವುಗಳಲ್ಲಿ ಸರ್ಕಾರ ನೇರವಾಗಿ ಕೈಹಾಕಿರುವುದು ಕೃತಕ ಕೀಲಿನ ಬೆಲೆಗೆ. 2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಇದಕ್ಕೆ ಗರಿಷ್ಠ ದರ ಗೊತ್ತುಮಾಡಿತು. ಆಗ ಆ ಖಾತೆಯ ಸಚಿವರಾಗಿದ್ದವರು ಕರ್ನಾಟಕದವರೇ ಆದ ಅನಂತಕುಮಾರ್. ಅದುವರೆಗೆ ಸರಾಸರಿ 1,58,324 ರೂ. ಇದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂ. ಮಿತಿ ಬಂತು. ಹೆಚ್ಚು ಮಡಚುವ ಕೀಲು 1,81,728 ರೂ.ನಿಂದ 56,490 ರೂ.ಗೆ ಇಳಿಯಿತು. ಇದಕ್ಕೆ ಜಿಎಸ್‌ಟಿ ಬೇರೆ. ಆ ಬಳಿಕ ಈ ಆದೇಶದ ಅವಧಿಯನ್ನು ವಿಸ್ತರಿಸಿ ದರಗಳನ್ನು ಪರಿಷ್ಕರಿಸಲಾಗಿದೆ. ಆದ್ದರಿಂದ ಸೇರುವ ದಿನದ ದರ ಕೇಳಿ ತಿಳಿಯಬೇಕು.

54,720 ರೂ. ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೂಡಿಸಿ ನೋಡಬಹುದು. ಕೀಲಿಗೆ ನಾಲ್ಕು ಭಾಗಗಳು. ತೊಡೆ ಮೂಳೆಯ ತುದಿಗೆ ಕೂರುವ ಲೋಹದ ಭಾಗಕ್ಕೆ 24,090 ರೂ.; ಕೆಳಗಾಲಿನ ಮೂಳೆಯ ಮೇಲೆ ಕೂರುವ ತಟ್ಟೆಗೆ 16,990 ರೂ.; ಇವೆರಡರ ನಡುವಿನ ಗಟ್ಟಿ ಪ್ಲಾಸ್ಟಿಕ್ ಪದರಕ್ಕೆ 9,550 ರೂ.; ಮೊಣಕಾಲ ಚಿಪ್ಪಿನ ಹಿಂಬದಿಯ ಭಾಗಕ್ಕೆ 4,090 ರೂ. ಎಲ್ಲ ರೋಗಿಗಳಿಗೂ ಚಿಪ್ಪಿನ ಭಾಗ ಹಾಕುವುದಿಲ್ಲ. ಹಾಕದಿದ್ದರೆ ಅದರ ಬೆಲೆ ಬಿಲ್ಲಿನಲ್ಲಿ ಇರಬಾರದು. ಆಗ ಮೊತ್ತ 50,630 ರೂ. ಆಗುತ್ತದೆ. ಕೀಲಿನ ಬೆಲೆ, ಕಂಪನಿಯ ಹೆಸರು, ಬ್ಯಾಚ್ ಸಂಖ್ಯೆಗಳನ್ನು ಆಸ್ಪತ್ರೆ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂದು ಅದೇ ಆದೇಶ ಹೇಳುತ್ತದೆ. ಡಬ್ಬಿಯ ಮೇಲಿನ ಚೀಟಿಗಳನ್ನು ಕೇಳಿ ಪಡೆದು ಮನೆಯ ಫೈಲಿನಲ್ಲಿ ಅಂಟಿಸಿಡಬೇಕು. ಇಪ್ಪತ್ತು ವರ್ಷದ ನಂತರ ಅದೇ ಕೀಲಿನ ಒಂದು ಭಾಗ ಬದಲಿಸಬೇಕಾಗಿ ಬಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.

ಕೀಲಿನ ಬೆಲೆ ಇಳಿದರೂ ಒಟ್ಟು ಬಿಲ್ಲು ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ವೈದ್ಯರ ಶುಲ್ಕ, ಕೋಣೆ, ಥಿಯೇಟರ್ ದರಗಳಿಗೆ ಈ ಮಿತಿ ಇಲ್ಲ. ಒಂದೇ ಕೀಲಿಗೆ ಎರಡು ಆಸ್ಪತ್ರೆಗಳು ಎರಡು ಮೊತ್ತ ಹೇಳುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಪ್ಯಾಕೇಜಿನ ಒಳಗೇನು, ಹೊರಗೇನು

‘ಎಲ್ಲಾ ಸೇರಿ ಇಷ್ಟು’ ಎಂಬ ಮಾತಿನಲ್ಲಿ ‘ಎಲ್ಲಾ’ ಎಂದರೆ ಏನು ಎಂದು ಬರೆಸಿಕೊಳ್ಳಬೇಕು. ಎಷ್ಟು ದಿನದ ವಾಸ, ಯಾವ ಕೀಲು, ರಕ್ತ ಬೇಕಾದರೆ ಅದರ ಖರ್ಚು, ಸಕ್ಕರೆ ಕಾಯಿಲೆ ಹತೋಟಿಗೆ ಬರದೆ ಎರಡು ದಿನ ಹೆಚ್ಚು ಇರಬೇಕಾದರೆ ಯಾವ ದರ ಎಂಬುದೆಲ್ಲ ಅದರಲ್ಲಿ ಬರಬೇಕು. ದಿನಕ್ಕೆ 5,000 ರೂ. ಮೀರಿದ ಕೋಣೆಗೆ (ತೀವ್ರ ನಿಗಾ ಘಟಕ ಬಿಟ್ಟು) 2022ರ ಜುಲೈನಿಂದ ತೆರಿಗೆಯೂ ಸೇರಿದೆ.

ದರ ಕೇಳಲು ಸಂಕೋಚಪಡಬೇಕಾದ ಕಾರಣವಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ. ಅದರ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಸಿಕ್ಕಿದ್ದು 2017ರ ನವೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನದಲ್ಲೇ. ಆ ಕಾಯ್ದೆಯ ಪ್ರಕಾರ ಖಾಸಗಿ ಆಸ್ಪತ್ರೆಗಳು ಶುಲ್ಕದ ವಿವರವನ್ನು ರೋಗಿಗಳಿಗೆ ಕಾಣುವಂತೆ ಪ್ರಕಟಿಸಬೇಕು. ದೂರು ಕೇಳಲು ಜಿಲ್ಲಾ ಮಟ್ಟದ ಪ್ರಾಧಿಕಾರವೂ ಇದೆ.

ಎರಡೂ ಮೊಣಕಾಲು ಕೆಟ್ಟಿದ್ದರೆ ಒಟ್ಟಿಗೇ ಮಾಡಿಸುವುದೇ, ಒಂದಾದ ಮೇಲೊಂದೇ ಎಂಬ ಪ್ರಶ್ನೆ ಬರುತ್ತದೆ. ಕೀಲಿನ ಬೆಲೆ ಎರಡರಷ್ಟಾಗುವುದು ನಿಜ. ಆದರೆ ಒಟ್ಟಿಗೆ ಮಾಡಿದರೆ ಕೋಣೆ, ತಪಾಸಣೆ, ಓಡಾಟ ಎರಡರಷ್ಟಾಗುವುದಿಲ್ಲ. ಹಾಗೆಂದು ಹಣದ ಲೆಕ್ಕ ನೋಡಿ ಇದನ್ನು ತೀರ್ಮಾನಿಸುವಂತಿಲ್ಲ. ಹೃದಯ, ಶ್ವಾಸಕೋಶ ದುರ್ಬಲವಾಗಿರುವ ಹಿರಿಯರಿಗೆ ಎರಡನ್ನೂ ಒಮ್ಮೆಲೇ ಮಾಡುವುದು ಅಪಾಯ. ಅಲ್ಲಿ ವೈದ್ಯರ ಮಾತೇ ಕೊನೆಯದು.

ಹಣ ಯಾರು ಕೊಡುತ್ತಾರೆ?

ಮೊದಲು ನೋಡಬೇಕಾದದ್ದು ರೇಷನ್ ಕಾರ್ಡು. ಕರ್ನಾಟಕದಲ್ಲಿ 2018ರ ಮಾರ್ಚಿನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆ ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಸರ್ಕಾರಿ ಪ್ಯಾಕೇಜ್ ದರದ ಶೇಕಡಾ 30 ಭಾಗ, ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಶೇಕಡಾ 30 ಎಂಬುದು ಖಾಸಗಿ ಆಸ್ಪತ್ರೆಯ ಬಿಲ್ಲಿನ ಮೇಲಲ್ಲ, ಸರ್ಕಾರ ನಿಗದಿಮಾಡಿದ ದರದ ಮೇಲೆ.

ಇನ್ನೊಂದು ಮಾತು: ಇಂಥ ಕಾಯಬಹುದಾದ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿ, ಹಣ ಕಟ್ಟಿ, ಆಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಾಗದು. ದಾರಿ ಆರಂಭವಾಗುವುದು ಸಂಕೇಶ್ವರ ಅಥವಾ ಹುಕ್ಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ, ಅಲ್ಲಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ. ಅಲ್ಲಿಯೇ ಚಿಕಿತ್ಸೆ ಆಗುವುದಾದರೆ ಅದೇ ಎಲ್ಲಕ್ಕಿಂತ ಕಡಿಮೆ ಖರ್ಚಿನದು. ಆಗದಿದ್ದರೆ ಬೇರೆ ಯಾವ ಆಸ್ಪತ್ರೆ ಯೋಜನೆಯಲ್ಲಿದೆ, ಅಲ್ಲಿ ಮೊಣಕಾಲು ಬದಲಾವಣೆಗೆ ಅನುಮತಿ ಇದೆಯೇ ಎಂದು ಆರೋಗ್ಯ ಮಿತ್ರರನ್ನು ಕೇಳಬೇಕು. ಕೇಂದ್ರ ಯೋಜನೆಯ ಸಹಾಯವಾಣಿ 14555. ಕೊಲ್ಹಾಪುರ, ಮಿರಜಕ್ಕೆ ಹೊರಡುವವರು ತಮ್ಮ ಕಾರ್ಡು ಗಡಿಯಾಚೆ ನಡೆಯುತ್ತದೆಯೇ ಎಂದು ಹೊರಡುವ ಮುಂಚೆಯೇ ಖಚಿತಪಡಿಸಿಕೊಳ್ಳಬೇಕು.

ಎರಡನೆಯದು ಸಹಕಾರ. ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಂಘ, ಹಳ್ಳಿಹಳ್ಳಿಯ ಪತ್ತಿನ ಸಂಘಗಳಿರುವ ಈ ಸೀಮೆಯಲ್ಲಿ ಸಹಕಾರ ಸಂಘದ ಸದಸ್ಯರಿಲ್ಲದ ರೈತ ಮನೆ ಸಿಗುವುದು ಅಪರೂಪ. ಸಹಕಾರಿ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮರುಚಾಲನೆಯಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂ. ವಂತಿಗೆ ಇತ್ತು. ಆದರೆ ಮೊದಲಿನ ಯಶಸ್ವಿನಿಯಲ್ಲಿ ಕೀಲು ಬದಲಾವಣೆ ಸೇರಿರಲಿಲ್ಲ ಎಂಬುದನ್ನು ಮರೆಯಬಾರದು. ಕಾರ್ಡು ಇದೆ ಎಂದು ನಿಶ್ಚಿಂತೆಯಿಂದ ಕೂರದೆ, ಈ ವರ್ಷದ ಪಟ್ಟಿಯಲ್ಲಿ ಮೊಣಕಾಲಿದೆಯೇ ಎಂದು ಸಂಘದ ಕಾರ್ಯದರ್ಶಿಯಿಂದ ಓದಿಸಿ ನೋಡಬೇಕು.

ಮೂರನೆಯದು ದೂರದಲ್ಲಿ ದುಡಿಯುವ ಮಕ್ಕಳು. ಬೆಳಗಾವಿಯ ಫೌಂಡ್ರಿಗಳಲ್ಲೋ ಪುಣೆ, ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಮಗನಿಗೆ ಇಎಸ್‌ಐ ಅಥವಾ ಕಂಪನಿಯ ಗುಂಪು ವಿಮೆ ಇದ್ದರೆ ಅವಲಂಬಿತ ತಂದೆತಾಯಿಗೂ ಅದು ಅನ್ವಯಿಸಬಹುದು. ಹೆಸರು ಸೇರಿಸದೇ ಬಿಟ್ಟಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಆ ಸೌಲಭ್ಯ ಕೈತಪ್ಪುತ್ತದೆ.

ಸ್ವಂತ ಆರೋಗ್ಯ ವಿಮೆಯಲ್ಲಿ ಎರಡು ತೊಡಕುಗಳಿವೆ. ಒಂದು ಕಾಯುವ ಅವಧಿ. ಅಪಘಾತದಿಂದಲ್ಲದ ಕೀಲು ಬದಲಾವಣೆಗೆ ಪಾಲಿಸಿಗಳು ಸಾಮಾನ್ಯವಾಗಿ ಕೆಲವು ವರ್ಷ ಕಾಯಿಸುತ್ತವೆ. 2024ರ ನಿಯಮದಂತೆ ಇದು 36 ತಿಂಗಳು ಮೀರುವಂತಿಲ್ಲ. ನೋವು ಬಂದ ಮೇಲೆ ಪಾಲಿಸಿ ಮಾಡಿಸಿದರೆ ಈ ವರ್ಷ ಕೆಲಸಕ್ಕೆ ಬಾರದು. ಇನ್ನೊಂದು ಕೋಣೆ ಬಾಡಿಗೆಯ ಮಿತಿ. ಉದಾಹರಣೆಗೆ, ಪಾಲಿಸಿ ದಿನಕ್ಕೆ 3,000 ರೂ. ಕೊಡುವುದಾಗಿದ್ದು ರೋಗಿ 6,000 ರೂ. ಕೋಣೆ ಹಿಡಿದರೆ, ನಾಲ್ಕು ದಿನಕ್ಕೆ ಬಾಡಿಗೆಯಲ್ಲಿ 12,000 ರೂ. ಕೈಯಿಂದ ಹೋಗುತ್ತದೆ. ಅಷ್ಟಕ್ಕೇ ಮುಗಿಯದು. ಅನೇಕ ಪಾಲಿಸಿಗಳಲ್ಲಿ ವೈದ್ಯರ ಮತ್ತು ಥಿಯೇಟರಿನ ಶುಲ್ಕವೂ ಅದೇ ಪ್ರಮಾಣದಲ್ಲಿ ಅರ್ಧವಾಗುತ್ತದೆ. ಅದು 80,000 ರೂ. ಆಗಿದ್ದರೆ ಇನ್ನೂ 40,000 ರೂ. ಹೋಯಿತು. ದೊಡ್ಡ ಕೋಣೆಯ ಆಸೆಗೆ ಒಟ್ಟು 52,000 ರೂ. ದಂಡ! ಕೀಲು ಮತ್ತು ಔಷಧಗಳ ಮೇಲೆ ಈ ಕಡಿತ ಮಾಡುವಂತಿಲ್ಲ.

ಬಿಲ್ಲಿನಲ್ಲಿ ಕಾಣದ ಖರ್ಚು

ಆಪರೇಶನ್ ಆದ ದಿನವೋ ಮರುದಿನವೋ ರೋಗಿಯನ್ನು ನಡೆಸುತ್ತಾರೆ. ಆದರೆ ಮೊಣಕಾಲು ಚೆನ್ನಾಗಿ ಮಡಚಿ, ಚಾಚಿ, ಬಲ ಬರಲು ಆರರಿಂದ ಹನ್ನೆರಡು ವಾರ ವ್ಯಾಯಾಮ ನಡೆಯಬೇಕು. ಅಷ್ಟು ದೊಡ್ಡ ಖರ್ಚು ಮಾಡಿ ಕೊನೆಗೆ ಫಿಸಿಯೋಥೆರಪಿಯಲ್ಲಿ ಉಳಿಸಲು ಹೋದರೆ ಕಾಲು ಬಿಗಿದೇ ಉಳಿಯುತ್ತದೆ. ವಾಕರ್, ಕೂರುವ ಕಮೋಡು, ಹೊಲಿಗೆ ಬಿಚ್ಚಿಸಲು ಮತ್ತು ತಪಾಸಣೆಗೆ ವಾಹನ, ಜೊತೆಗಿದ್ದವರ ಊಟ, ತಪ್ಪಿದ ಕೂಲಿ ಎಲ್ಲವನ್ನೂ ಬರೆದಿಡಬೇಕು.

ಬಿಲ್ಲಿನಲ್ಲಿಯೂ ಇಲ್ಲ, ಮನೆಯ ಲೆಕ್ಕದಲ್ಲಿಯೂ ಇಲ್ಲ ಎಂಬಂಥ ಖರ್ಚು ಇನ್ನೊಂದಿದೆ: ಆರೈಕೆ. ಅದು ಹೇಳದೇ ಕೇಳದೇ ಮನೆಯ ಹುಡುಗಿಯ ಪಾಲಿಗೆ ಬರುತ್ತದೆ. ‘ಆಯಿ ಹತ್ರ ಯಾರರ ಇರಬೇಕಲ್ಲ’ ಎಂದು ಆಕೆಯನ್ನು ಎರಡು ತಿಂಗಳು ಶಾಲೆ ಬಿಡಿಸಿದರೆ, ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಅದರ ಬೆಲೆ ಕೀಲಿನ ಬೆಲೆಗಿಂತ ಹೆಚ್ಚಾದೀತು. ಆದ್ದರಿಂದ ದಿನ ಗೊತ್ತುಮಾಡುವಾಗ ಶಾಲೆಯ ಕ್ಯಾಲೆಂಡರನ್ನೂ ಎದುರಿಗೆ ಇಟ್ಟುಕೊಳ್ಳಬೇಕು. ಪರೀಕ್ಷೆಗಳು ಮುಗಿದ ಏಪ್ರಿಲ್ ಹೊತ್ತಿಗೆ ಕಬ್ಬು ನುರಿಸುವ ಹಂಗಾಮೂ ಮುಗಿದಿರುತ್ತದೆ. ಅಣ್ಣ, ತಂಗಿ ಇಬ್ಬರೂ ಮನೆಯಲ್ಲಿರುತ್ತಾರೆ. ಸರದಿಯಂತೆ ಆರೈಕೆ ಹಂಚಿಕೊಳ್ಳಬಹುದು. ಮಳೆಗಾಲದ ಜಾರು ನೆಲ ಬರುವಷ್ಟರಲ್ಲಿ ಅಜ್ಜಿ ವಾಕರ್ ಬಿಟ್ಟು ನಡೆಯುವಂತಾದಾಳು.

ಹಣ ಕಡಿಮೆ ಬಿದ್ದರೆ ಸಾಲದ ಲೆಕ್ಕವೂ ಮೊದಲೇ ಆಗಲಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದಾಗ ರೈತ ಬಡ್ಡಿಯವರ ಬಾಗಿಲಿಗೆ ಹೋಗುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂ. ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 36. ಒಂದು ಲಕ್ಷಕ್ಕೆ ಹತ್ತು ತಿಂಗಳಲ್ಲಿ 30,000 ರೂ. ಅದೇ ಸಾಲ ಬಂಗಾರ ಇಟ್ಟು ವರ್ಷಕ್ಕೆ ಶೇಕಡಾ 10ರಂತೆ ಸಿಕ್ಕರೆ ಬಡ್ಡಿ ಸುಮಾರು 8,300 ರೂ. ಈ ವ್ಯತ್ಯಾಸದಲ್ಲಿ ಎಷ್ಟೋ ದಿನಗಳ ಫಿಸಿಯೋಥೆರಪಿ ಆಗುತ್ತದೆ. ಕಾಲೇಜು ಶುಲ್ಕಕ್ಕೆಂದು ಇಟ್ಟ ಹಣವನ್ನು ಮಾತ್ರ ಬೇರೆ ಖಾತೆಯಲ್ಲೇ ಇಡುವುದು ಕ್ಷೇಮ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಬೇಕಾದ ಪ್ರಶ್ನೆಗಳು

1. ಈಗಲೇ ಆಪರೇಶನ್ ಆಗಬೇಕೇ? ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ಏನು ನಷ್ಟ?
2. ಯಾವ ಕಂಪನಿಯ, ಯಾವ ಲೋಹದ ಕೀಲು? ಇಂದಿನ ಗರಿಷ್ಠ ದರ ಎಷ್ಟು? ಚಿಪ್ಪಿನ ಭಾಗ ಹಾಕುತ್ತೀರಾ?
3. ಪ್ಯಾಕೇಜಿನಲ್ಲಿ ಎಷ್ಟು ದಿನ? ಏನೇನು ಹೊರಗಿದೆ? ಬರೆದು ಕೊಡುತ್ತೀರಾ?
4. ನಮ್ಮ ಕಾರ್ಡು ಅಥವಾ ವಿಮೆ ಈ ಆಸ್ಪತ್ರೆಯಲ್ಲಿ, ಈ ಚಿಕಿತ್ಸೆಗೆ ನಡೆಯುತ್ತದೆಯೇ? ಶಿಫಾರಸು ಪತ್ರ ಎಲ್ಲಿಂದ?
5. ಮನೆಗೆ ಹೋದ ಮೇಲೆ ವ್ಯಾಯಾಮ ಯಾರು ಕಲಿಸುತ್ತಾರೆ? ಸಂಕೇಶ್ವರದಲ್ಲೇ ಮಾಡಿಸಬಹುದೇ?
6. ಸೋಂಕು ತಗುಲಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು?

ಈ ಖರ್ಚು ದಂಡವೇ ಎಂದು ಕೇಳುವವರೂ ಇದ್ದಾರೆ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ದಾಖಲೆಗಳನ್ನು ಕೂಡಿಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಂತೆ ಪೂರ್ಣ ಬದಲಿಸಿದ ಮೊಣಕಾಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಅರವತ್ತೈದರ ಅಜ್ಜಿಗೆ ಅದು ಬಹುಪಾಲು ಜೀವಮಾನದ ನಡಿಗೆ.

ಕೊನೆಯದಾಗಿ, ಲೆಕ್ಕ ಮುಗಿದ ಮೇಲೆ ಅದನ್ನು ಹಿರಿಯರ ಎದುರಿಗೇ ಓದಬೇಕು. ತನ್ನಿಂದ ಮೊಮ್ಮಕ್ಕಳ ಓದು ಕೆಟ್ಟೀತು ಎಂಬ ಹೆದರಿಕೆಯಿಂದಲೇ ಎಷ್ಟೋ ಹಿರಿಯರು ನೋವನ್ನು ನುಂಗಿಕೊಂಡು ‘ಏನೂ ಆಗಿಲ್ಲ’ ಎನ್ನುತ್ತಾರೆ. ಶುಲ್ಕದ ಹಣ ಬೇರೆ ಇದೆ, ಚಿಕಿತ್ಸೆಯ ದಾರಿ ಬೇರೆ ಇದೆ ಎಂದು ಅಂಕಿಗಳಲ್ಲಿ ಕಂಡಾಗ ಅವರು ನಿಜವಾದ ನೋವು ಹೇಳುತ್ತಾರೆ. ವೈದ್ಯರಿಗೂ ಮೊದಲು ತಿಳಿಯಬೇಕಾದದ್ದು ಅದೇ.